ಅಕ್ಕನನ್ನು ಅಮ್ಮನವರು ಮಾಡಿದ್ದು

ನನ್ನ ಅಕ್ಕ ಅಂಬುಜಾ ಜೀವಮಾನದಲ್ಲಿ ನೆಟ್ಟಗೆ ಮಡಿ ಮಾಡಿದವಳಲ್ಲ. ಮಾಡಿದ ಹಾಗೆ ನಟಿಸಿದವಳು. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ ಇರುವ ಒಂದು ಊರಿನ ಅರ್ಚಕರ ಮನೆಗೆ ಅವಳನ್ನು ಕೊಟ್ಟಿದ್ದರು. ಚಳಿಗಾಲದ ಬೆಳಿಗ್ಗೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಚೊಂಬಿನಿಂದ ನೆಲಕ್ಕೆ ದಬದಬ ನೀರು ಸುರಿದು, ತಲೆಗೂದಲಿಗೂ ಸೀರೆಯ ಅಂಚಿಗೂ ಒಂದಿಷ್ಟು ಚಿಮುಕಿಸಿಕೊಂಡು ನಡುಗುತ್ತಾ ಹೊರಗೆ ಬರುತ್ತಿದ್ದಳು. "ಪಾಪ, ಹೆಣ್ಣು ತಣ್ಣೀರಲ್ಲಿ ಮಿಂದು ಬಂತು" ಎಂದು ಅತ್ತೆ ಮರುಗಿ ಅವಳ ಕಾಫಿಗೆ ಸಕ್ಕರೆ ಜಾಸ್ತಿ ಹಾಕುತ್ತಿದ್ದರಂತೆ. ಇದನ್ನು ನನಗೆ ಹೇಳಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅಂಥವಳನ್ನು ಕೊನೆಗಾಲದಲ್ಲಿ ಮನೆಯವರೇ ಸೇರಿ ಅಮ್ಮನವರು ಮಾಡಿಬಿಟ್ಟರು. ಆ ಕಥೆ ಹೇಳುವಾಗ ನನಗೆ ಈಗಲೂ ಹೇಸಿಗೆಯಾಗುತ್ತದೆ. ಆದರೆ ಮುಚ್ಚಿಡುವ ಮನಸ್ಸಿಲ್ಲ.

ನಾನು ವನಜಾ, ಅವಳ ತಂಗಿ. ಗೋಣಿಬೀಡಿನ ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆದವಳು. ಅಕ್ಕ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದದ್ದು ಈರುಳ್ಳಿ ಹಾಕಿದ ಅಕ್ಕಿರೊಟ್ಟಿಯನ್ನು. ಅವಳ ಗಂಡನ ಮನೆಯಲ್ಲಿ ಈರುಳ್ಳಿ ಹೊಸಿಲು ದಾಟಿ ಒಳಗೆ ಬರುವಂತಿರಲಿಲ್ಲ. ಇಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದು, ಏಲಕ್ಕಿ ಜಗಿದು, ಭಾವನ ಎದುರು ತುಟಿ ಬಿಗಿದು ಕೂರುತ್ತಿದ್ದಳು. ಚೌಕಾಬಾರ ಆಡಿದರೆ ಕವಡೆಯನ್ನು ಕಿರುಬೆರಳಲ್ಲಿ ಮಗುಚುತ್ತಿದ್ದಳು. ಸಿಕ್ಕಿಬಿದ್ದರೆ "ಹೋಗ್ಲಿ ಬಿಡೇ, ಎಂತ ಮಹಾ" ಎನ್ನುವಳು. ದೇವರ ಮೇಲೆ ಭಕ್ತಿ ಇರಲಿಲ್ಲ ಅನ್ನಲಾರೆ. ಇತ್ತು, ಹೊಟ್ಟೆ ತುಂಬಿದ ಮೇಲಿನ ಭಕ್ತಿ.

ಭಾವ ತೀರಿಕೊಂಡದ್ದು ತೊಂಬತ್ತಮೂರರಲ್ಲಿ. ಅದಾಗಿ ಮೂರು ನಾಲ್ಕು ವರ್ಷಕ್ಕೆ ಅಕ್ಕ ಸ್ನಾನ ಮಾಡಲು ಶುರುಮಾಡಿದಳು. ಈ ಸಲ ನಿಜವಾದ ಸ್ನಾನ. ಮಿಂದು ಬಂದು ಕೂದಲು ಒರೆಸಿಕೊಳ್ಳುವಷ್ಟರಲ್ಲಿ ಮಿಂದದ್ದು ಮರೆತು ಮತ್ತೆ ಬಚ್ಚಲಿಗೆ ಹೋಗುವಳು. ದೇವರಿಗೆ ದೀಪ ಹಚ್ಚಿ, ಹಚ್ಚಿದ್ದು ಮರೆತು ಮತ್ತೊಂದು ಬತ್ತಿ ಹೊಸೆಯುವಳು. ಅಪ್ಪನ ನಂತರ ದೇವಸ್ಥಾನದ ಪೂಜೆ ವಹಿಸಿಕೊಂಡಿದ್ದ ಮಗ ಪರಮೇಶ್ವರನಿಗೂ ಸೊಸೆ ನಾಗವೇಣಿಗೂ ಮೊದಲು ಗಾಬರಿಯಾಯಿತಂತೆ. ಆದರೆ ಬಂದುಹೋಗುವವರು "ಎಂಥಾ ಮಡಿ ಮಾರಾಯ ನಿಮ್ಮಮ್ಮಂದು! ಈ ಕಾಲದಲ್ಲಿ ಯಾರು ಮಾಡ್ತಾರೆ?" ಎಂದರು. ಒಬ್ಬರಲ್ಲ, ಬಂದವರೆಲ್ಲ ಎಂದರು. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಗಾಬರಿ ತಾನಾಗಿ ಇಳಿಯಿತು.

ಆಮೇಲೆ ಆ ಮನೆಯಲ್ಲಿ ಮರೆವಿನ ಒಂದೊಂದು ಲಕ್ಷಣಕ್ಕೂ ಒಂದೊಂದು ಒಳ್ಳೆಯ ಹೆಸರು ಹುಟ್ಟಿಕೊಂಡಿತು. ಎಲೆಯ ಮುಂದೆ ಕೂತು, ಉಣ್ಣುವುದು ಹೇಗೆಂದು ತಿಳಿಯದೆ ಎದ್ದುಹೋದರೆ ಉಪವಾಸ. ಮಾತು ಸಿಗದೆ ತಡವರಿಸಿದರೆ ಮೌನ. ಗುರುತು ಹತ್ತದ ಸೊಸೆ ಹತ್ತಿರ ಬಂದಾಗ ಹೆದರಿ ಗೋಡೆಗೆ ಒತ್ತಿಕೊಂಡರೆ ಮಡಿ. ಮೊಮ್ಮಗಳು ಅರ್ಪಿತಾಳನ್ನು "ನೀವ್ಯಾರು?" ಎಂದು ಕೇಳಿದರೆ ಸಂಸಾರದ ಮೋಹ ಹರಿದದ್ದು. ಕಾಯಿಲೆ ಎನ್ನುವ ಒಂದು ಮಾತು ಬಿಟ್ಟು ಉಳಿದ ಎಲ್ಲ ಮಾತೂ ಅವರಿಗೆ ಹೊಳೆದವು.

ತೊಂಬತ್ತೆಂಟರ ನವರಾತ್ರಿಯಲ್ಲಿ ನಾನು ಹೋದಾಗ ಅಕ್ಕ ಜಗಲಿಯಲ್ಲಿ ಕೂತಿದ್ದಳು. ಅಪ್ಪಿಕೊಳ್ಳಲು ಹೋದರೆ ಕೈ ಅಡ್ಡ ಹಿಡಿದು ಹಿಂದೆ ಸರಿದಳು.

"ಅಕ್ಕಾ, ನಾನು ಕಣೇ, ವನಜಾ."

ಅವಳ ಕಣ್ಣು ನನ್ನ ಮುಖದ ಮೇಲೆ ಅಲೆಯಿತು, ಎಲ್ಲೂ ನಿಲ್ಲಲಿಲ್ಲ. ಪರಮೇಶ್ವರ ಹಿಂದಿನಿಂದ ಬಂದು ಮೆಲ್ಲಗೆ, "ಚಿಕ್ಕಮ್ಮ, ಬಸ್ಸಲ್ಲಿ ಬಂದ ಮೈಲಿಗೇಲಿ ಮುಟ್ಟಬೇಡಿ. ಅಮ್ಮ ಈಗ ಮೊದಲಿನ ಹಾಗಿಲ್ಲ" ಎಂದ. ಮೊದಲಿನ ಹಾಗಿಲ್ಲ ಎನ್ನುವುದು ನನಗೂ ಕಾಣುತ್ತಿತ್ತು. ಇವನ ಮುಖದಲ್ಲಿ ಚಿಂತೆ ಇರಬೇಕಾದ ಜಾಗದಲ್ಲಿ ಹೆಮ್ಮೆ ಇತ್ತು. ನನಗೆ ಮೈ ಉರಿದದ್ದು ಅದಕ್ಕೆ.

ಅಮ್ಮನವರು ಎಂಬ ಹೆಸರು ಬಿದ್ದದ್ದು ಅತ್ತಿಗುಂಡಿಯ ಷಡಕ್ಷರಿಯವರಿಂದ. ದೊಡ್ಡ ಎಸ್ಟೇಟಿನ ಸಾಹುಕಾರರು, ಪೇಟೆಯಲ್ಲಿ ಅಂಗಡಿಯೂ ಇತ್ತು. ಅಣ್ಣನ ಜೊತೆ ತೋಟದ ಬೇಲಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಸುಸ್ತಾಗಿದ್ದರು. ಕಳಸಕ್ಕೆ ಬಂದವರು ಯಾರದೋ ಮಾತು ಕೇಳಿ ಅಕ್ಕನ ಎದುರು ಕೂತು ವ್ಯಾಜ್ಯದ ಕಥೆ ಹೇಳಿಕೊಂಡರಂತೆ. ಅಕ್ಕನ ಬಾಯಲ್ಲಿ ಆಗ ಉಳಿದಿದ್ದದ್ದೇ ಅಷ್ಟು: "ಹೋಗ್ಲಿ ಬಿಡು." ಅದನ್ನೇ ಹೇಳಿದಳು. ಷಡಕ್ಷರಿಯವರು ಗಳಗಳ ಅತ್ತು, "ಅಮ್ಮನವರೇ" ಎಂದು ಕಾಲಿಗೆ ಬಿದ್ದು, ಹೋಗಿ ಕೇಸು ವಾಪಸು ತೆಗೆದರು. ಅಣ್ಣ ನಾಚಿ ರಾಜಿಗೆ ಬಂದ. ಅಲ್ಲಿಗೆ ಸುದ್ದಿ ಘಟ್ಟ ಹತ್ತಿ ಇಳಿಯಿತು. ಕಾಫಿ ರೇಟು ನೆಲಕಚ್ಚಿದ ಕಾಲ ಅದು. ಬೆಟ್ಟದ ಮೇಲೆ ನೆಮ್ಮದಿ ಇದ್ದ ಮನೆ ಕಡಿಮೆ. ಜೀಪುಗಳು ಬಂದವು, ಕುದುರೆಮುಖದ ಕಂಪನಿ ಕ್ವಾರ್ಟರ್ಸಿನ ಹೆಂಗಸರು ಬಂದರು. ಎಲ್ಲರಿಗೂ ಅಕ್ಕ ಒಂದೇ ಮಾತು ಹೇಳುತ್ತಿದ್ದಳು. ಎಲ್ಲರೂ ತಮಗೇ ಹೇಳಿದ್ದು ಎಂದುಕೊಂಡು ಹೋಗುತ್ತಿದ್ದರು.

ಪರಮೇಶ್ವರನಿಗೆ ದುಡ್ಡಿನ ಆಸೆ ಇತ್ತು ಎಂದು ಊರವರು ಆಡಿಕೊಂಡರು. ನನಗೆ ಹಾಗನ್ನಿಸಲಿಲ್ಲ. ಅವನು ಸಣ್ಣ ದೇವಸ್ಥಾನದ ಸಣ್ಣ ಭಟ್ಟ. ಎಸ್ಟೇಟಿನವರು ಇಷ್ಟು ವರ್ಷ ಅವನನ್ನು ಗಣಹೋಮಕ್ಕೆ ಕರೆಸಿ, ಹಿಂದಿನ ಬಾಗಿಲಿನ ಹತ್ತಿರ ಕಾಯಿಸಿ ಕಳಿಸುತ್ತಿದ್ದರು. ಈಗ ಅವರೇ ಇವನ ಜಗಲಿಯಲ್ಲಿ ಕೈ ಕಟ್ಟಿ ಕಾಯುತ್ತಿದ್ದರು. ಆ ರುಚಿ ಹತ್ತಿದ ಮೇಲೆ ತಾಯಿ ಹುಷಾರಾಗಲಿ ಎಂದು ಯಾವ ಮಗ ಬಯಸುತ್ತಾನೆ? ಕೆಲವರು ಬಯಸುತ್ತಾರೆ. ಇವನು ಬಯಸಲಿಲ್ಲ.

ಎರಡು ಸಾವಿರದ ಇಸವಿಯ ಮಾಘದಲ್ಲಿ ಮತ್ತೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಊದುಬತ್ತಿಯ ವಾಸನೆ ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಅಕ್ಕನನ್ನು ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿದ್ದರು. ಸೀರೆ ಒದ್ದೆಯಾಗಿತ್ತು, ಮಣೆಯ ಕೆಳಗಿನ ಚಾಪೆಯೂ ಒದ್ದೆಯಾಗಿತ್ತು, ಅದು ಸ್ನಾನದ ನೀರಲ್ಲ. ಆ ಚಾಪೆಯ ಮೇಲೆ ಹಣೆ ಹಚ್ಚಿ ಒಳ್ಳೊಳ್ಳೆ ರೇಷ್ಮೆ ಸೀರೆಯವರು ಅಡ್ಡ ಬೀಳುತ್ತಿದ್ದರು. ಮೂಗು ಇದ್ದವರಿಗೆ ಗೊತ್ತಾಗಲೇಬೇಕು. "ದೇಹದ ಪ್ರಜ್ಞೆ ಇಲ್ಲದ ಸ್ಥಿತಿ" ಎಂದು ನಾಗವೇಣಿ ಯಾರಿಗೋ ಪಿಸುಗುಟ್ಟುತ್ತಿದ್ದಳು. ಬಟ್ಟೆ ಬದಲಿಸಲು ಸೋಮಾರಿತನ ಎಂದಿದ್ದರೆ ನಾನು ಕ್ಷಮಿಸುತ್ತಿದ್ದೆನೇನೋ.

ಪಕ್ಕದಲ್ಲಿ ಪಂಚಪಾತ್ರೆ ಉದ್ಧರಣೆ ಇಟ್ಟಿದ್ದರು. ನಾನು ನೋಡುತ್ತಿದ್ದಂತೆ ಅಕ್ಕ ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟನ್ನು ತೆಗೆದು, ಪಂಚಪಾತ್ರೆಯ ನೀರಿನಲ್ಲಿ ಚೆನ್ನಾಗಿ ಅಲುಬಿ, ಮತ್ತೆ ಹಾಕಿಕೊಂಡಳು. ಪರಮೇಶ್ವರ ಬಾಗಿಲಲ್ಲಿ ಯಾರನ್ನೋ ಬರಮಾಡಿಕೊಳ್ಳುತ್ತಿದ್ದ. ತಿರುಗಿ ಬಂದವನು ಅದೇ ನೀರನ್ನು ಉದ್ಧರಣೆಯಲ್ಲಿ ಎತ್ತಿ ತೀರ್ಥ ಕೊಟ್ಟ. ಬಂದವರು ಅಂಗೈ ಹಿಡಿದು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡರು. ನನಗೂ ಕೈ ಚಾಚಿ "ತಗೊಳ್ಳಿ ಚಿಕ್ಕಮ್ಮ" ಎಂದ. ಹಿತ್ತಲಿಗೆ ಹೋಗಿ ಬಾಳೆಯ ಬುಡದಲ್ಲಿ ಕಾರಿಕೊಂಡೆ.

ಭಕ್ತರು ಕಾಲು ಮುಟ್ಟಿ ಬಾಳೆಹಣ್ಣು ಇಡುತ್ತಿದ್ದರು. ನಾಗವೇಣಿ ಒಂದೊಂದನ್ನು ಸುಲಿದು ಅಕ್ಕನ ಬಾಯಿಗೆ ತಾಗಿಸುವಳು. ಅಕ್ಕ ಆತುರದಿಂದ ಕಚ್ಚಿದ ಕೂಡಲೇ ಉಳಿದದ್ದನ್ನು ಕಿತ್ತುಕೊಂಡು ಪ್ರಸಾದ ಎಂದು ಹಂಚುವಳು. ಆ ಅರ್ಧ ತುತ್ತಿನ ಹಿಂದೆ ಅಕ್ಕನ ತಲೆ ಮುಂದಕ್ಕೆ ಬಾಗುತ್ತಿತ್ತು, ಬಾಯಿ ತೆರೆದೇ ಇರುತ್ತಿತ್ತು. ಅವಳ ರವಿಕೆಯ ತೋಳು ಚೀಲದ ಹಾಗೆ ಜೋಲುತ್ತಿತ್ತು. ನನ್ನ ಅಕ್ಕ ಹಸಿದಿದ್ದಳು. ಅಡುಗೆಮನೆಯಲ್ಲಿ ದಿನವೂ ನೈವೇದ್ಯಕ್ಕೆ ಅನ್ನ ಬೇಯುವ ಮನೆಯಲ್ಲಿ ಅವಳು ಹಸಿದು ಕೂತಿದ್ದಳು.

ಜನ ಕರಗಿದ ಮೇಲೆ ಪರಮೇಶ್ವರನನ್ನು ಹಿಡಿದೆ. "ಅಕ್ಕಂಗೆ ಊಟ ಹಾಕ್ತೀರೇನೋ?"

"ಇಟ್ಟರೆ ಉಣ್ಣಲ್ಲ ಚಿಕ್ಕಮ್ಮ. ಆಹಾರದ ಮೇಲಿನ ಆಸೆ ಬಿಟ್ಟಿದ್ದಾರೆ."

"ಆಸೆ ಬಿಟ್ಟೋಳು ಆ ಹಣ್ಣಿನ ಹಿಂದೆ ಹಾಗೆ ಬಾಯಿ ಬಿಡ್ತಾಳಾ? ಅವಳಿಗೆ ಕಾಯಿಲೆ ಕಣೋ. ಡಾಕ್ಟ್ರಿಗೆ ತೋರ್ಸು."

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಎಂತ ಕಾಯಿಲೆ ಅಂತ ಹೇಳದು? ತಲೆ ಕೆಟ್ಟಿದೆ ಅಂತಲಾ? ಅರ್ಪಿತಂಗೆ ಗಂಡು ನೋಡ್ತಾ ಇದೀವಿ. ಹುಚ್ಚು ಇರೋ ಮನೆ ಅಂದ್ರೆ ಯಾರು ಬರ್ತಾರೆ? ಈಗ ಅಮ್ಮನವರ ಮನೆ ಅಂತ ಅವರಾಗೇ ಕೇಳ್ಕೊಂಡು ಬರ್ತಿದಾರೆ. ನಿಮಗೆ ಇದೆಲ್ಲ ತಿಳಿಯದಿಲ್ಲ."

ತಿಳಿಯಿತು. ಚೆನ್ನಾಗಿಯೇ ತಿಳಿಯಿತು. ಅವನಿಗೂ ಗೊತ್ತು ಎನ್ನುವುದು ತಿಳಿಯಿತು. ಅಲ್ಲಿಯವರೆಗೆ ಮೂಢ ಎಂದುಕೊಂಡಿದ್ದೆ. ಮೂಢನ ಮೇಲೆ ಸಿಟ್ಟು ಬರುತ್ತದೆ, ಅಸಹ್ಯ ಬರುವುದಿಲ್ಲ.

ಮೂಡಿಗೆರೆಯಲ್ಲಿ ನನಗೆ ಗೊತ್ತಿದ್ದ ಒಬ್ಬ ಡಾಕ್ಟರಿಗೆ ಎಲ್ಲ ವಿವರಿಸಿದೆ. ಅವರು, "ಇದು ವಯಸ್ಸಾದವರಿಗೆ ಬರೋ ಮರೆವಿನ ಕಾಯಿಲೆ ಟೀಚರೇ. ವಾಸಿಯಾಗಲ್ಲ. ಆದ್ರೆ ಹಸಿವು ಎಲ್ಲೂ ಹೋಗಿರಲ್ಲ. ಹಸಿವಾಗಿದೆ ಅಂತ ಹೇಳೋಕೆ ಬರಲ್ಲ, ತಟ್ಟೆ ಇಟ್ರೆ ಏನು ಮಾಡ್ಬೇಕು ಅಂತ ಹೊಳೆಯಲ್ಲ. ಎದುರಿಗೆ ಕೂತು ತುತ್ತು ಕೊಡ್ಬೇಕು. ಮೈ ಬೆಚ್ಚಗಿಡಿ. ಹೀಗೇ ಬಿಟ್ರೆ ಕಾಯಿಲೆಯಿಂದಲ್ಲ, ಉಪವಾಸದಿಂದ ಹೋಗ್ತಾರೆ" ಎಂದರು. ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ಅಕ್ಕನ ಹೊಟ್ಟೆಗೆ ಅನ್ನ ಹೋಗಬೇಕು.

ಕೇಳಿದರೆ ಪರಮೇಶ್ವರ ಬಿಡುವುದಿಲ್ಲ ಎಂದು ಗೊತ್ತಿತ್ತು. ಮರುವಾರ ಬೆಳಿಗ್ಗೆ ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಹಾಕಿ ಅಕ್ಕಿರೊಟ್ಟಿ ತಟ್ಟಿ, ತುಪ್ಪ ಸವರಿ, ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಈರುಳ್ಳಿ ಬೇಕೆಂದೇ ಹಾಕಿದ್ದೆ. ಬೇರೆ ಎಲ್ಲ ಮರೆತರೂ ನಾಲಿಗೆ ಅದನ್ನು ಮರೆತಿರಲಾರದು ಎನ್ನುವ ಆಸೆ.

ಅವತ್ತು ಷಡಕ್ಷರಿಯವರೂ ಅವರ ಹೆಂಡತಿ ವಿಶಾಲಾಕ್ಷಮ್ಮನೂ ಬಂದಿದ್ದರು. ನಡುಮನೆ ತುಂಬ ಜನ. ವಿಶಾಲಾಕ್ಷಮ್ಮ ಅಕ್ಕನ ಪಾದ ಮುಟ್ಟಿ ಏಳುತ್ತಿದ್ದಂತೆ ನಾನು ಹೋಗಿ ಮಣೆಯ ಪಕ್ಕ ಕೂತು ಡಬ್ಬಿ ತೆರೆದೆ. ವಾಸನೆ ಎದ್ದಿತು. ಅಕ್ಕನ ಮುಖ ತಟ್ಟನೆ ನನ್ನ ಕಡೆ ತಿರುಗಿತು. ಮುರಿದು ಕೊಟ್ಟ ಮೊದಲ ತುಂಡನ್ನು ನುಂಗಿದಳು. ಎರಡನೆಯದಕ್ಕೆ ಕಾಯಲಿಲ್ಲ. ಎರಡೂ ಕೈ ಡಬ್ಬಿಗೆ ಹಾಕಿ, ರೊಟ್ಟಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಗಲ್ಲದ ಮೇಲೆ ತುಪ್ಪ ಇಳಿಯಿತು. ಎಷ್ಟೋ ಕಾಲದ ಮೇಲೆ ಅವಳ ಬಾಯಿಂದ ಹೊಸ ಮಾತು ಹೊರಟಿತು. "ಇನ್ನೊಂದು ಹಾಕೇ!"

ಷಡಕ್ಷರಿಯವರು ಮೂಗು ಅರಳಿಸಿ, "ಭಟ್ರೇ, ಇದು ಈರುಳ್ಳಿ ಅಲ್ವಾ?" ಎಂದರು. ಅವರ ಮನೆಯಲ್ಲಿ ಈರುಳ್ಳಿ ಇಲ್ಲದೆ ಒಗ್ಗರಣೆ ಬೀಳುವುದಿಲ್ಲ. ಆದರೆ ತಾವು ಕೈ ಮುಗಿಯುವವರು ಮಾತ್ರ ಅದನ್ನು ಮುಟ್ಟಕೂಡದು.

ಪರಮೇಶ್ವರ ಓಡಿಬಂದು ಡಬ್ಬಿ ಕಿತ್ತುಕೊಂಡ. "ಎಂತ ಮಾಡ್ತಾ ಇದೀರಿ ಚಿಕ್ಕಮ್ಮ! ನಿಮಗೆ ತಲೆ ಸರಿ ಇದೆಯಾ?"

"ನನ್ನ ತಲೆ ಸರಿ ಇದೆ. ನಿನ್ನಮ್ಮಂದು ಸರಿ ಇಲ್ಲ. ಅವಳಿಗೆ ಮರೆವಿನ ಕಾಯಿಲೆ. ಹಸಿವಾಗಿದೆ, ಹೇಳಕ್ಕೆ ಬರಲ್ಲ. ಕೇಳಿಸ್ಕೊಳ್ಳಿ ಎಲ್ಲರೂ" ಎಂದು ಶಾಲೆಯಲ್ಲಿ ಪಾಠ ಹೇಳುವ ಗಂಟಲಿನಲ್ಲೇ ಹೇಳಿದೆ.

ಎಳೆದಾಟದಲ್ಲಿ ರೊಟ್ಟಿಯ ಚೂರುಗಳು ಚಾಪೆಯ ಮೇಲೆ ಚೆಲ್ಲಿದ್ದವು. ಅಕ್ಕ ಮಣೆಯಿಂದ ಇಳಿದು, ಮೊಣಕಾಲೂರಿ, ಆ ಒದ್ದೆ ಚಾಪೆಯಿಂದ ಒಂದೊಂದೇ ಚೂರು ಹೆಕ್ಕಿ ತಿನ್ನತೊಡಗಿದಳು. ನಾನು ತಡೆಯಲು ಹೋದರೆ ನನ್ನ ಕೈಯನ್ನು ಪರಚಿದಳು. ವಿಶಾಲಾಕ್ಷಮ್ಮ "ಶಿವಶಿವಾ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ನಡೆದರು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ಉಚ್ಚೆಯ ವಾಸನೆಗೆ ಏಳದಿದ್ದ ಭಕ್ತಿ ಈರುಳ್ಳಿಯ ವಾಸನೆಗೆ ಎದ್ದುಹೋಯಿತು. ಅವರಲ್ಲಿ ಒಬ್ಬರಾದರೂ ಆ ಮುದುಕಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲ. "ಇನ್ನು ಈ ಮನೆ ಹೊಸಿಲು ತುಳೀಬೇಡಿ" ಎಂದು ಪರಮೇಶ್ವರ ನನ್ನನ್ನು ಕಳಿಸಿದ. ಅವಳ ಹೊಟ್ಟೆ ತುಂಬಿಸಲು ಹೋಗಿ ಅವಳನ್ನು ನೋಡುವ ದಾರಿಯನ್ನೂ ಮುಚ್ಚಿಕೊಂಡೆನಲ್ಲ ಎಂದು ಬಸ್ಸಿನಲ್ಲಿ ಅತ್ತೆ.

ಯುಗಾದಿಗೆ ಮುಂಚೆ ಒಂದು ದಿನ ನಮ್ಮ ಮನೆ ಮುಂದೆ ಜೀಪು ನಿಂತಿತು. ಪರಮೇಶ್ವರ ಅಕ್ಕನನ್ನು ತೋಳು ಹಿಡಿದು ಇಳಿಸಿ ಕಟ್ಟೆಯ ಮೇಲೆ ಕೂರಿಸಿದ. ಜೊತೆಗೆ ಒಂದು ಬಟ್ಟೆ ಗಂಟು. ಈಚೆಗೆ ಅಲ್ಲಿಗೆ ಜನ ಬರುವುದು ನಿಂತಿತ್ತು ಎಂದು ಕಳಸದ ಕಡೆಯವರು ಹೇಳಿದ್ದರು.

"ಅಮ್ಮನ ಸಾಧನೆ ಭ್ರಷ್ಟ ಆಯ್ತು. ಕೆಡಿಸಿದ್ದು ನೀವು, ನೀವೇ ನೋಡ್ಕೊಳ್ಳಿ" ಎಂದ.

"ನೋಡ್ಕೊಳ್ತೀನಿ. ಕಾಫಿ ಕುಡೀತೀಯಾ?" ಎಂದು ಕೇಳಿದೆ, ಅಭ್ಯಾಸ ಬಲ.

"ನಿಮ್ಮನೇಲಿ ಈರುಳ್ಳಿ ಬೇಯ್ಸಿರ್ತೀರಿ" ಎಂದು ಹೇಳಿ ಜೀಪು ಹತ್ತಿದ. ಸಂತೆಯಲ್ಲಿ ಹಾಲು ಬತ್ತಿದ ಹಸುವನ್ನು ಬಿಟ್ಟುಹೋಗುವವನೂ ಒಮ್ಮೆ ತಿರುಗಿ ನೋಡುತ್ತಾನೆ. ಇವನು ನೋಡಲಿಲ್ಲ. ಆದರೂ ನನ್ನ ಮನಸ್ಸು ಹಗುರವಾಯಿತು. ಯಾವ ಹೇಸಿಗೆಯ ದಾರಿಯಲ್ಲಾದರೂ ಬರಲಿ, ಅಕ್ಕ ಬಂದಳು. ಇನ್ನು ಅವಳಿಗೆ ಅನ್ನ ಹಾಕಲು ನನಗೆ ಯಾರ ಅಪ್ಪಣೆಯೂ ಬೇಡ.

ಮೈ ಒರೆಸಿ, ಒಣಗಿದ ಸೀರೆ ಉಡಿಸಿ, ಮೇಲೊಂದು ಸ್ವೆಟರ್ ಹಾಕಿದೆ. ಕೂತೂ ಕೂತೂ ಬೆನ್ನಿನ ಬುಡದಲ್ಲಿ ಹುಣ್ಣುಗಳಾಗಿದ್ದವು. ಮುಲಾಮು ಹಚ್ಚುವಾಗ ಅವಳು ಹಲ್ಲು ಕಚ್ಚಿದಳೇ ಹೊರತು ಕೂಗಲಿಲ್ಲ. ಬಿಸಿ ಅನ್ನಕ್ಕೆ ತೊವ್ವೆ ತುಪ್ಪ ಕಲಸಿ, ತಟ್ಟೆ ಹಿಡಿದು ಅವಳ ಎದುರು ಬಂದೆ.

ಅಕ್ಕ ತಟ್ಟೆಯನ್ನು ನೋಡಿ ಎಂಜಲು ನುಂಗಿದಳು. ಆಮೇಲೆ ಸೀರೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ಎರಡೂ ಕಾಲುಗಳನ್ನು ನನ್ನ ಮುಂದೆ ಚಾಚಿದಳು.

ಕಾಲು ನೋಯುತ್ತಿರಬಹುದು ಎಂದುಕೊಂಡು ತುತ್ತು ಹಿಡಿದೆ. ಬಾಯಿ ತೆರೆಯಲಿಲ್ಲ. ಕಾಲನ್ನು ಇನ್ನಷ್ಟು ಮುಂದೆ ತಳ್ಳಿದಳು. ಆಗ ಅರ್ಥವಾಯಿತು. ಆ ಮನೆಯಲ್ಲಿ ಯಾರಾದರೂ ಕಾಲು ಮುಟ್ಟಿದ ಮೇಲಷ್ಟೇ ಅವಳ ಬಾಯಿಗೆ ಏನಾದರೂ ಬೀಳುತ್ತಿತ್ತು. ಮಗನ ಹೆಸರು ಮರೆತವಳು, ನನ್ನ ಮುಖ ಮರೆತವಳು ಇದೊಂದನ್ನು ಕಲಿತುಕೊಂಡಿದ್ದಳು.

"ಕಾಲು ತೆಗಿಯೇ ಅಕ್ಕಾ. ನಾನು ವನಜಾ, ನಿನ್ನ ತಂಗಿ. ಇಲ್ಲಿ ಅದೆಲ್ಲ ಬೇಡ, ಸುಮ್ನೆ ಉಣ್ಣು."

ಅವಳು ಉಣ್ಣಲಿಲ್ಲ. ಸಿಟ್ಟಿನಿಂದ ತಟ್ಟೆಯನ್ನು ಅವಳ ಕೈಗೆ ಸಿಗುವ ಹಾಗೆ ಇಟ್ಟು ಒಳಗೆ ಹೋದೆ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಅನ್ನದ ಮೇಲೆ ನೊಣ ಕೂತಿತ್ತು. ಅವಳು ಕಾಲು ಚಾಚಿಕೊಂಡೇ ಇದ್ದಳು. ಕಣ್ಣು ತಟ್ಟೆಯ ಮೇಲಿತ್ತು, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ಬೇರೆ ಅನ್ನ ಕಲಸಿ ತಂದು, ಬಗ್ಗಿ ಎರಡೂ ಪಾದ ಮುಟ್ಟಿದೆ. ಅಕ್ಕ ತಕ್ಷಣ ಬಾಯಿ ತೆರೆದಳು.

ಮತ್ತೆ ಮೂರು ವರ್ಷ ಬದುಕಿದಳು. ಮೈ ತುಂಬಿಕೊಂಡಳು, ಹುಣ್ಣು ಮಾಯಿತು, ಈರುಳ್ಳಿ ರೊಟ್ಟಿಯನ್ನು ಚಪ್ಪರಿಸಿಕೊಂಡು ತಿಂದಳು. ಆದರೆ ನನ್ನ ಅಕ್ಕ, ಹೊಟ್ಟೆಬಾಕಿ ಅಂಬುಜಾ, ಒಂದು ಹೊತ್ತೂ ಅನ್ನ ಕೇಳಲಿಲ್ಲ. ಹಸಿವಾದಾಗಲೆಲ್ಲ ಕಾಲು ಚಾಚಿದಳು.